ಮುಂದಿನ ಬ್ರೇಕಿನ ಹದ

ವಿಮರ್ಶೆ ಎಂದರೆ ಕತೆ, ಕಾದಂಬರಿ, ಕವಿತೆಗಳಿಗೆ ಮಾತ್ರ ಸಲ್ಲುವ ಉಪಚಾರ ಎಂದು ನಾವು ನಾಲ್ಕಕ್ಷರ ಓದಿದವರು ತಿಳಿದುಕೊಂಡಿದ್ದೇವೆ. ಆದರೆ ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಬೆರಳ ಗಂಟಿನಿಂದ ಅದನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಒಂದನ್ನು ಎತ್ತಿಟ್ಟು ಇನ್ನೊಂದನ್ನು ಪಕ್ಕಕ್ಕೆ ಸರಿಸುತ್ತಾಳಲ್ಲ, ಅದೂ ವಿಮರ್ಶೆಯೇ. ಹಾಗೆ ತಟ್ಟಿ ನೋಡಲು ನಾನಿಲ್ಲಿ ಎತ್ತಿಕೊಂಡಿರುವುದು ಕ್ರೂಸರ್ ಜಾತಿಯ ಮೋಟಾರು ಸೈಕಲ್ಲಿನ ಮುಂದಿನ ಬ್ರೇಕನ್ನು. ಅದಕ್ಕಿಂತ ಹೆಚ್ಚಾಗಿ, ಆ ಬ್ರೇಕನ್ನು 'ಅಪ್‌ಗ್ರೇಡ್' ಮಾಡಿಸಬೇಕೆಂದು ನಮ್ಮ ಹುಡುಗರಿಗೆ ಹತ್ತಿರುವ ಹುಚ್ಚನ್ನು. ಗಂಡಸರ ವಿಷಯಕ್ಕೆ ಟೀಚರಮ್ಮ ಯಾಕೆ ಕೈಹಾಕಿದರು ಎಂದು ಯಾರಾದರೂ ಕೇಳಿಯಾರು. ಬೈಕು ಓಡಿಸುವವರು ಅವರೇ ಇರಬಹುದು. ಅದರ ಹಿಂದೆ ಕೂತು, ಬ್ರೇಕಿನ ಗುಣವನ್ನೂ ದೋಷವನ್ನೂ ಮೈಮೂಳೆಗಳಲ್ಲಿ ಅನುಭವಿಸುವವರು ನಾವು. ಅಷ್ಟು ಅರ್ಹತೆ ಸಾಕೆಂದು ನನ್ನ ಭಾವನೆ.

ವಿಷಯ ಬಂದದ್ದು ದುಡ್ಡಿನ ದೆಸೆಯಿಂದ. ನನ್ನ ತಂಗಿಯ ಮಗನ ಮನೆ ಗುಂಡ್ಲುಪೇಟೆ, ಕೆಲಸ ಚಾಮರಾಜನಗರ. ತೆರಕಣಾಂಬಿಯ ಮೇಲೆ ದಿನವೂ ಓಡಾಟ. ಯಾರೋ ಬಳಸಿ ಬಿಟ್ಟ ಒಂದು ಕ್ರೂಸರನ್ನು ಕೊಂಡಿದ್ದ. ಒಂದು ದಿನ ಬಂದು, "ದೊಡ್ಡಮ್ಮ, ಹದಿನಾಲ್ಕು ಸಾವಿರ ಕೈಸಾಲ ಬೇಕಾಗಿತ್ತು. ಮುಂದಿನ ಬ್ರೇಕು ಅಪ್‌ಗ್ರೇಡ್ ಮಾಡಿಸಬೇಕು" ಎಂದ. ದೊಡ್ಡ ಡಿಸ್ಕು, ಬೇರೆ ಬೈಕಿನ ನಾಲ್ಕು ಪಿಸ್ಟನ್ನಿನ ಕ್ಯಾಲಿಪರು, ಎರಡನ್ನೂ ಕೂಡಿಸಲು ಲೇತಿನಲ್ಲಿ ಮಾಡಿಸಿದ ಒಂದು ಕಬ್ಬಿಣದ ತುಂಡು, ಇಷ್ಟೂ ಸೇರಿ ಆ ಮೊತ್ತ. ಅವನ ಹೆಂಡತಿ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಭಾನುವಾರ ಭಾನುವಾರ ಆ ಬೈಕಿನ ಹಿಂದೆ ಕೂರುವವಳು ಅವಳು. ಸಾಲ ಕೊಡುವವಳಿಗೆ ಪ್ರಶ್ನೆ ಕೇಳುವ ಹಕ್ಕುಂಟಲ್ಲ? ಕೇಳಿದೆ. ಅವನು ಕೊಟ್ಟ ಉತ್ತರಗಳಿಂದ ಸಮಾಧಾನವಾಗಲಿಲ್ಲ. ಆದ್ದರಿಂದ ಓದಿದೆ, ಗ್ಯಾರೇಜಿಗೆ ಹೋಗಿ ನಿಂತೆ, ನೋಡಿದೆ.

ಮೊದಲು ಆ 'ಅಪ್‌ಗ್ರೇಡ್' ಎಂಬ ಮಾತನ್ನೇ ನೋಡೋಣ. ನಮ್ಮ ಇಲಾಖೆಯಲ್ಲಿ ಇದು ಹಳೆಯ ಮಾತು. ಹಿರಿಯ ಪ್ರಾಥಮಿಕ ಶಾಲೆಯನ್ನು ಉನ್ನತೀಕರಿಸಿ ಪ್ರೌಢಶಾಲೆ ಮಾಡುತ್ತಾರೆ. ಎಷ್ಟೋ ಕಡೆ ಮೊದಲು ಬದಲಾಗುವುದು ಬೋರ್ಡು. ಹಳೆಯ ಹಲಗೆಯನ್ನು ಇಳಿಸಿ ಹೊಸ ಹಲಗೆ ಏರಿಸುತ್ತಾರೆ. ಕೋಣೆ ಅದೇ, ಬೆಂಚು ಅದೇ. ಗಣಿತದ ಮೇಷ್ಟ್ರು ಬರುವಷ್ಟರಲ್ಲಿ ಮಕ್ಕಳ ಒಂದು ವರ್ಷ ಕಳೆದಿರುತ್ತದೆ. ಬೋರ್ಡು ಸುಳ್ಳಲ್ಲ, ಆದರೆ ಅದು ಕೊನೆಗೆ ಬರಬೇಕಾದದ್ದು ಮೊದಲು ಬಂದಿದೆ. ಬ್ರೇಕಿನ ವಿಷಯದಲ್ಲೂ ಹೀಗೆಯೇ ಆಗುತ್ತಿದೆ. ಚಕ್ರದ ಹೊರಗೆ ಮಿರಮಿರ ಮಿಂಚುವ ತಟ್ಟೆಯೇ ಬೋರ್ಡು. ಪಾಠ ಮಾಡುವವರು ಒಳಗೆ, ಕಣ್ಣಿಗೆ ಬೀಳದ ಜಾಗದಲ್ಲಿದ್ದಾರೆ.

ಕ್ರೂಸರ್ ಎಂಬ ವಾಹನದ ಸ್ವಭಾವವನ್ನೂ ತಿಳಿಯಬೇಕು. ಮೈ ಉದ್ದ, ಸೀಟು ತಗ್ಗು, ಹ್ಯಾಂಡಲು ಎತ್ತರ, ಕಾಲಿಡುವ ಜಾಗ ಮುಂದೆ, ಮುಂದಿನ ಚಕ್ರ ಚಾಚಿಕೊಂಡು ದೂರ. ಆರಾಮ ಕುರ್ಚಿಗೆ ಎಂಜಿನ್ ಕೂಡಿಸಿದ ಹಾಗೆ. ಅಮೆರಿಕದ ಉದ್ದನೆಯ ನೇರ ರಸ್ತೆಗಳಲ್ಲಿ ಹುಟ್ಟಿದ ಆಕಾರ ಅದು. ನಮ್ಮ ಕಡೆ 2001ರಲ್ಲಿ ಕವಾಸಾಕಿ ಬಜಾಜ್ ಎಲಿಮಿನೇಟರ್ ಬಂತು; 2005ರಲ್ಲಿ ಬಂದ ಬಜಾಜ್ ಅವೆಂಜರ್ ಈ ಆಕಾರವನ್ನು ಸಣ್ಣ ಪಟ್ಟಣಗಳ ಹುಡುಗರ ಕೈಗೆಟುಕುವಂತೆ ಮಾಡಿತು. ಇದರ ಜಾಹೀರಾತುಗಳನ್ನು ಗಮನಿಸಿ. ರಸ್ತೆ ಸದಾ ಖಾಲಿ. ಎದುರಿಗೆ ಒಂದು ಎಮ್ಮೆ ಇಲ್ಲ, ಕಬ್ಬಿನ ಗಾಡಿ ಇಲ್ಲ. ಹಿಂದಿನ ಸೀಟು ಬರಿದು, ಇಲ್ಲವೇ ಕೂದಲು ಹಾರಿಸಿಕೊಂಡು ನಗುವ ಹುಡುಗಿ. ನಿಲ್ಲುವ ಪ್ರಸಂಗವೇ ಆ ಚಿತ್ರಗಳಲ್ಲಿ ಬರುವುದಿಲ್ಲ. ಓಡುವುದನ್ನು ಮಾತ್ರ ಮಾರುವ ಕಲೆ ಅದು.

ನಮ್ಮ ರಸ್ತೆಗಳು ಬೇರೆಯೇ ಕತೆ ಹೇಳುತ್ತವೆ. ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಎರಡು ಹಾದಿ; ಒಂದು ಬಂಡೀಪುರದ ಮೇಲೆ ಊಟಿಗೆ, ಇನ್ನೊಂದು ಮದ್ದೂರು ಚೆಕ್‌ಪೋಸ್ಟಿನ ಮೇಲೆ ಸುಲ್ತಾನ್ ಬತ್ತೇರಿಗೆ. ಎರಡೂ ಹುಲಿಯ ಕಾಡು. 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೆ ತಡೆ ಬಂದದ್ದೇ ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದ. ಹಗಲಿನಲ್ಲೂ ಒಂದು ಜಿಂಕೆ ದಾಟಿತೆಂದು ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಅದರ ಹಿಂದಿನ ನಾಲ್ಕು ಹಾರಿರುತ್ತವೆ. ಊಟಿಯ ಹಾದಿಯಲ್ಲಿ ಮಸಿನಗುಡಿ ದಾಟಿದರೆ ಕಲ್ಲಟ್ಟಿ ಘಾಟಿ, 36 ತಿರುವು. ಚಾಮರಾಜನಗರದಿಂದ ಪುಣಜನೂರು, ಹಾಸನೂರು ಹಾದು ಸತ್ಯಮಂಗಲಕ್ಕೆ ಇಳಿಯುವುದಾದರೆ ದಿಂಬಂ ಘಾಟಿ, 27 ತಿರುವು. ಆ ಹಾದಿಯಲ್ಲಿ ಕಬ್ಬಿನ ಲಾರಿಗೆ ಆನೆ ಅಡ್ಡ ನಿಲ್ಲುವುದು ನಮಗೆಲ್ಲ ಗೊತ್ತಿದ್ದದ್ದೇ. ಇನ್ನು ಬಯಲು ರಸ್ತೆಯ ವಿಷಯ: ಸುಗ್ಗಿ ಬಂತೆಂದರೆ ಹುರುಳಿ, ರಾಗಿ ಎಲ್ಲವನ್ನೂ ಟಾರಿನ ಮೇಲೆ ಹಾಸಿ, ಹೋಗಿಬರುವ ಬಸ್ಸು ಲಾರಿಗಳಿಂದಲೇ ಒಕ್ಕಣೆ ಮಾಡಿಸುವ ಜಾಣತನ ನಮ್ಮವರದು.

ಈ ಹುರುಳಿ ಸೊಪ್ಪಿನ ಮೇಲೆ ಜಾರಿ ಬಿದ್ದವರಿಂದಲೇ ನಮ್ಮ ಕಡೆಯ ಒಂದು ಬ್ರೇಕ್‌ಸೂತ್ರ ಹುಟ್ಟಿರಬೇಕೆಂದು ನನಗೆ ಅನುಮಾನ. "ಮುಂದುಗಡೆ ಬ್ರೇಕ ಮುಟ್ಟಬ್ಯಾಡ ಕಣ್ಲಾ, ಮಕಾಡೆ ಬಿದ್ದೀಯ" ಎಂದು ಹೇಳಿಕೊಡದ ಅಪ್ಪನಿಲ್ಲ, ಅಣ್ಣನಿಲ್ಲ. ಮಾತಿನಲ್ಲಿ ಅರ್ಧ ಸತ್ಯವುಂಟು. ಸೊಪ್ಪು, ಮರಳು, ಜಲ್ಲಿ, ಸಗಣಿ ಇವುಗಳ ಮೇಲೆ, ಅಥವಾ ಹ್ಯಾಂಡಲು ತಿರುಗಿಸಿರುವಾಗ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಂಡಿದರೆ ಚಕ್ರ ಜಾರುವುದು ನಿಜ. ಆದರೆ ಒಣಗಿದ ಟಾರು ರಸ್ತೆಯಲ್ಲಿ ಅದೇ ಮಾತು ಪ್ರಾಣಕ್ಕೆ ಎರವಾಗುತ್ತದೆ. ಬಸ್ಸು ಗಕ್ಕನೆ ನಿಂತಾಗ ನಿಂತಿದ್ದವರೆಲ್ಲ ಮುಂದಕ್ಕೆ ವಾಲುವುದಿಲ್ಲವೇ? ಬೈಕಿನ ಭಾರವೂ ಹಾಗೆಯೇ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಅದುಮುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನು ಕಾಲಿನಿಂದ ಎಷ್ಟು ತುಳಿದರೇನು? ಅದು ತಿರುಗುವುದನ್ನು ನಿಲ್ಲಿಸಿ, ರಸ್ತೆಯ ಮೇಲೆ ಕಪ್ಪು ಗೆರೆ ಎಳೆಯುತ್ತ, ಬಾಲ ಬೀಸುತ್ತದೆ. ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರದ್ದೇ.

ಕ್ರೂಸರಿನಲ್ಲಿ ಇದಕ್ಕೆ ಒಂದು ಉಪಕತೆಯಿದೆ. ಉದ್ದವಾಗಿ ತಗ್ಗಾಗಿ ಇರುವುದರಿಂದ ಭಾರ ಬೇರೆ ಬೈಕುಗಳಲ್ಲಿ ವಾಲುವಷ್ಟು ಮುಂದಕ್ಕೆ ವಾಲುವುದಿಲ್ಲ. ಹಿಂದಿನ ಬ್ರೇಕು ಕೊಂಚ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇದನ್ನೇ ಹಿಡಿದುಕೊಂಡು, "ಕ್ರೂಸರಿಗೆ ಕಾಲಿನ ಬ್ರೇಕೇ ಸಾಕು" ಎನ್ನುವ ಪಂಡಿತರೂ ಇದ್ದಾರೆ. ಲೆಕ್ಕ ಹಾಗಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಬೈಕು ಸುಮಾರು 17 ಮೀಟರು ಹೋಗುತ್ತದೆ. ಎದುರಿನ ಜಿಂಕೆಯನ್ನು ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಆ 17 ಮೀಟರು ಮುಗಿದಿರಬಹುದು. ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಭಾರವಾದ ಬೈಕು, ಹಿಂದೊಬ್ಬರು, ಮಡಿಲಲ್ಲಿ ಚೀಲ. ಇಂಥ ಲೆಕ್ಕದಲ್ಲಿ ಮುಂದಿನ ಬ್ರೇಕನ್ನು ಬಿಟ್ಟುಕೊಡುವಷ್ಟು ಶ್ರೀಮಂತರು ನಾವಲ್ಲ.

ನಮ್ಮ ನೆರೆಯ ಮೈಸೂರಿಗೂ ಈ ವಿಷಯಕ್ಕೂ ಹಳೆಯ ನಂಟು. 1961ರಿಂದ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಜಾವಾ ಬೈಕುಗಳನ್ನೂ, ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನವನ್ನೂ ಮಾಡಿತು. 1996ರಲ್ಲಿ ಬಾಗಿಲು ಮುಚ್ಚಿತು. ನಮ್ಮ ತಲೆಮಾರಿನ ಹೆಂಗಸರು ಮದುವೆಯಾದ ಹೊಸದರಲ್ಲಿ ಹಿಂದೆ ಕೂತು ತಿರುಗಿದ್ದು ಇವುಗಳ ಮೇಲೆಯೇ. ಅವುಗಳ ಮುಂದೆಯೂ ಹಿಂದೆಯೂ ಇದ್ದದ್ದು ಡ್ರಮ್ಮಿನ ಬ್ರೇಕು. ಬಾಂಡಲಿಯಂಥ ಡಬ್ಬಿಯ ಒಳಗೆ ಎರಡು ಅರ್ಧಚಂದ್ರದ ಶೂಗಳು ಅಗಲವಾಗಿ ಒರೆಸಿ ನಿಲ್ಲಿಸುವ ಕ್ರಮ. ಹಳ್ಳ ದಾಟಿ ನೀರು ಒಳಹೊಕ್ಕರೆ ಸ್ವಲ್ಪ ಹೊತ್ತು ಬ್ರೇಕೇ ಇರುತ್ತಿರಲಿಲ್ಲ. ಹಳಬರು ಅದನ್ನು ಬಲ್ಲರು. ನೀರು ದಾಟಿದ ಮೇಲೆ ಲಿವರನ್ನು ಮೆಲ್ಲಗೆ ಹಿಡಿದು, ಬ್ರೇಕನ್ನು ಒಣಗಿಸಿಕೊಂಡೇ ವೇಗ ಏರಿಸುತ್ತಿದ್ದರು. ಕೇಬಲ್ಲು ಸಡಿಲವಾದರೆ ತಾವೇ ತಿರುಪು ತಿರುಗಿಸಿ ಬಿಗಿ ಮಾಡುತ್ತಿದ್ದರು. ಬ್ರೇಕು ದುರ್ಬಲ, ಆದರೆ ಅದರ ದುರ್ಬಲತೆ ಓಡಿಸುವವನಿಗೆ ಗೊತ್ತು. ಅದೇ ಜಾವಾ ಹೆಸರು 2018ರಲ್ಲಿ ಬೇರೆ ಕಂಪೆನಿಯಿಂದ ಮರಳಿ ಬಂದಾಗ ಮುಂದೆ ಡಿಸ್ಕ್ ಬ್ರೇಕಿತ್ತು. 2022ರಲ್ಲಿ ಮರಳಿದ ಯೆಜ್ಡಿಯ ರೋಡ್‌ಸ್ಟರ್ ಮಾದರಿಗೆ ಮುಂದೆ 320 ಮಿ.ಮೀ. ಡಿಸ್ಕು, ಎರಡೂ ಚಕ್ರಗಳಿಗೆ ಎ.ಬಿ.ಎಸ್. ಬಂತು. ಚಕ್ರ ಕಚ್ಚಿಕೊಂಡು ಜಾರುವ ಮುನ್ನವೇ ಬ್ರೇಕನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಬಿಗಿಮಾಡುವ ಏರ್ಪಾಡು ಈ ಎ.ಬಿ.ಎಸ್. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಬೈಕುಗಳಿಗೆ ಇದು ಕಡ್ಡಾಯ. ನನ್ನ ತಂಗಿಯ ಮಗನ ಬೈಕು ಅದಕ್ಕೂ ಹಿಂದಿನದು. ಡಿಸ್ಕು ಉಂಟು, ಎ.ಬಿ.ಎಸ್. ಇಲ್ಲ.

ಇನ್ನು ಡಿಸ್ಕಿನ ಒಳಗುಟ್ಟು. ಬಲಗೈಯ ಲಿವರನ್ನು ಹಿಂಡಿದರೆ ಮಾಸ್ಟರ್ ಸಿಲಿಂಡರಿನ ಪುಟ್ಟ ಪಿಸ್ಟನ್ನು ಬ್ರೇಕ್ ಆಯಿಲನ್ನು ನೂಕುತ್ತದೆ. ಆಯಿಲು ಹೋಸಿನಲ್ಲಿ ಇಳಿದು ಕ್ಯಾಲಿಪರಿನ ದೊಡ್ಡ ಪಿಸ್ಟನ್ನನ್ನು ಒತ್ತುತ್ತದೆ. ಅದು ಪ್ಯಾಡುಗಳನ್ನು ಡಿಸ್ಕಿಗೆ ಅದುಮುತ್ತದೆ. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಹೇಳಿಕೊಡುವ ಪಾಸ್ಕಲನ ನಿಯಮವೇ ಇದು. ಸಣ್ಣ ಪಿಸ್ಟನ್ನಿನ ಮೇಲಿನ ಕಡಿಮೆ ಬಲ ದೊಡ್ಡ ಪಿಸ್ಟನ್ನಿನಲ್ಲಿ ಹೆಚ್ಚಿನ ಬಲವಾಗಿ ಏಳುತ್ತದೆ. ಕೊನೆಗೆ ಡಿಸ್ಕು ಚಕ್ರವನ್ನು ತಡೆಯುತ್ತದೆ, ಟಯರು ನೆಲವನ್ನು ಹಿಡಿಯುತ್ತದೆ. ಕೈಯಿಂದ ನೆಲದವರೆಗೆ ಇದೊಂದು ಸರಪಳಿ. ಏಳು ಕೊಂಡಿಗಳಲ್ಲಿ ಆರು ಸವೆದಿರುವಾಗ ಏಳನೆಯದಕ್ಕೆ ಮಾತ್ರ ಬೆಳ್ಳಿ ಹೊದಿಸಿದರೆ ಆದೀತೇ?

ದೊಡ್ಡ ಕಂಪೆನಿಗಳಿಗೂ ಈ ಪಾಠ ಕಲಿಯುವ ಸಂದರ್ಭ ಬಂದಿದೆ. ಹಾರ್ಲೆ-ಡೇವಿಡ್ಸನ್ನಿನವರು ಹರಿಯಾಣದ ಬಾವಲ್‌ನಲ್ಲಿ ಜೋಡಿಸಿ 2014ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದ ಸ್ಟ್ರೀಟ್ 750 ಎಂಬ ಕ್ರೂಸರಿಗೆ ಮುಂದಿನ ಬ್ರೇಕು ಸಾಲದೆಂದು ಅದನ್ನು ಓಡಿಸಿ ನೋಡಿ ಬರೆದವರು ದೂರಿದರು. 2016ರ ಮಾದರಿಗೆ ಕಂಪೆನಿಯೇ ಬ್ರೇಕನ್ನು ಸುಧಾರಿಸಿತು. ಆಗ ಅವರು ಡಿಸ್ಕನ್ನು 300 ಮಿ.ಮೀ.ಗೆ ದೊಡ್ಡದು ಮಾಡಿ ಸುಮ್ಮನಾಗಲಿಲ್ಲ. ಅದಕ್ಕೆ ತಕ್ಕಂತೆ ಕ್ಯಾಲಿಪರನ್ನೂ ಅದರ ಪಿಸ್ಟನ್ನುಗಳ ಅಳತೆಯನ್ನೂ ಬದಲಿಸಿದರು. ಅಪ್‌ಗ್ರೇಡ್ ಎಂಬ ಮಾತು ಇಲ್ಲಿ ಸಾರ್ಥಕ, ಏಕೆಂದರೆ ಒಂದು ಭಾಗ ಇನ್ನೊಂದನ್ನು ಕೇಳಿಕೊಂಡು ಬದಲಾಗಿದೆ.

ಈಗ ಹುಡುಗನ ಹದಿನಾಲ್ಕು ಸಾವಿರದ ಪಟ್ಟಿಯನ್ನು ನೋಡಿ. ಡಿಸ್ಕು ದೊಡ್ಡದಾದರೆ ಲಾಭವಿಲ್ಲ ಎನ್ನಲಾಗದು. ಬಾವಿಯ ರಾಟೆ ದೊಡ್ಡದಿದ್ದರೆ ಅದರ ಅಂಚಿನಲ್ಲಿ ಹಿಡಿದು ನಿಲ್ಲಿಸುವುದು ಸುಲಭ. 240 ಮಿ.ಮೀ. ಜಾಗದಲ್ಲಿ 280 ಮಿ.ಮೀ. ಬಂದರೆ ಅದೇ ಒತ್ತಡಕ್ಕೆ ಹಿಡಿತ ಸುಮಾರು ಆರರಲ್ಲೊಂದು ಪಾಲು ಹೆಚ್ಚುತ್ತದೆ. ಬಿಸಿ ತಡೆಯುವ ಶಕ್ತಿಯೂ ಹೆಚ್ಚುತ್ತದೆ. ಇದು ಗುಣ. ದೋಷಗಳು ಮೂರು. ನಾಲ್ಕು ಪಿಸ್ಟನ್ನಿನ ಕ್ಯಾಲಿಪರು ಹೆಚ್ಚು ಆಯಿಲು ಕೇಳುತ್ತದೆ. ಹಳೆಯ ಮಾಸ್ಟರ್ ಸಿಲಿಂಡರು ನೂಕುವುದು ಹಳೆಯ ಅಳತೆಯಷ್ಟೇ. ಹಾಗಾಗಿ ಲಿವರು ಬಹುದೂರ ಒಳಗೆ ಬಂದು, ಹ್ಯಾಂಡಲಿಗೇ ತಾಗುವಂತಾಗಬಹುದು. ಎರಡನೆಯದು, ಆ ಲೇತಿನ ತುಂಡು. ಬೈಕು ನಿಲ್ಲುವಾಗಿನ ಒತ್ತಡವೆಲ್ಲ ಹಾಯುವುದು ಅದರ ಮೂಲಕವೇ. ಯಾವ ಲೋಹವೋ, ಎಷ್ಟು ದಪ್ಪವೋ, ಯಾರು ಪರೀಕ್ಷಿಸಿದರೋ ಹೇಳುವವರಿಲ್ಲ. ಮೂರನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಮಾತನ್ನು ಎತ್ತಿಹಿಡಿಯಿತು. ಸವೆದ ಪ್ಯಾಡು, ಹಳೆಯ ಹೋಸು ಬದಲಿಸುವುದು ದುರಸ್ತಿ. ಬೇರೆ ಬೈಕಿನ ಅಂಗವನ್ನು ತಂದು ಕಸಿ ಮಾಡಿದರೆ, ನಾಳೆ ಏನಾದರೂ ಆದಾಗ ವಿಮೆಯವರು ಎತ್ತುವ ಪ್ರಶ್ನೆಗೆ ಮನೆಯ ಹೆಂಗಸು ಉತ್ತರ ಹುಡುಕಬೇಕಾಗುತ್ತದೆ.

ನಾನು ದುಡ್ಡು ಕೊಡುವ ಮುನ್ನ ಒಂದು ಶರತ್ತು ಹಾಕಿದೆ: ಹೊಸದನ್ನು ಹಾಕಿಸುವ ಮುಂಚೆ ಇರುವುದನ್ನು ಬಿಚ್ಚಿಸಿ ನೋಡು. ಗ್ಯಾರೇಜಿನಾತ ವಯಸ್ಸಾದವರು, ಮಾತು ಕಡಿಮೆ. ಲಿವರನ್ನು ಎರಡು ಸಲ ಹಿಂಡಿ, ಆಯಿಲಿನ ಡಬ್ಬಿಯ ಮುಚ್ಚಳ ತೆಗೆದು ನನಗೇ ತೋರಿಸಿದರು. ಜೇನಿನ ತಿಳಿಬಣ್ಣವಿರಬೇಕಾದ ಆಯಿಲು ಮೂರು ಸಲ ಕುದಿಸಿದ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಪ್ಯಾಡುಗಳ ಮೈ ಗಾಜಿನಂತೆ ನುಣುಪಾಗಿತ್ತು. ಕ್ಯಾಲಿಪರು ಸರಿದಾಡಬೇಕಾದ ಪಿನ್ನುಗಳು ಒಣಗಿ ಕಚ್ಚಿಕೊಂಡಿದ್ದವು. "ಬ್ರೇಕು ಸತ್ತಿಲ್ಲ ಮೇಡಂ, ಉಪವಾಸ ಅದೆ ಅಷ್ಟೆ" ಎಂದರು. ಆಮೇಲೆ ಮುಂದಿನ ಟಯರನ್ನು ಉಗುರಿನಿಂದ ಒತ್ತಿ ತೋರಿಸಿದರು. ಉಗುರು ಇಳಿಯಲಿಲ್ಲ. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲಿನ ಎರಡು ವಾರ, ಕೊನೆಯ ಎರಡು ಇಸವಿ. 1214 ಎಂದರೆ 2014ರ ಹನ್ನೆರಡನೇ ವಾರ ತಯಾರಾದದ್ದು ಎಂದರ್ಥ. ಹುಡುಗನ ಟಯರಿನ ವಯಸ್ಸು ಅವನ ದಾಂಪತ್ಯಕ್ಕಿಂತ ಹೆಚ್ಚಾಗಿತ್ತು. ಗೀರುಗಳೇನೋ ಇನ್ನೂ ಆಳವಾಗಿದ್ದವು, ಆದರೆ ರಬ್ಬರು ಕಲ್ಲಾಗಿತ್ತು.

ಬ್ರೇಕ್ ಆಯಿಲಿನ ಬಗ್ಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಡಾಟ್ 3, ಡಾಟ್ 4 ಎಂದು ಇವುಗಳಿಗೆ ದರ್ಜೆ. ಎರಡೂ ಗಾಳಿಯ ತೇವವನ್ನು ಉಪ್ಪು ಹೀರಿದಂತೆ ಹೀರುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ನೀರು ಕುಡಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ದಿಂಬಂ ಇಳಿಜಾರಿನಲ್ಲಿ ಗೇರು ತಗ್ಗಿಸದೆ ಬ್ರೇಕನ್ನೇ ಹಿಡಿದುಕೊಂಡು ಇಳಿದರೆ ಡಿಸ್ಕು ಕಾಯುತ್ತದೆ, ಪ್ಯಾಡು ಕಾಯುತ್ತದೆ, ಆಯಿಲು ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಅದು ಮುಂದಿನದನ್ನು ಒತ್ತುತ್ತದೆ. ಆವಿಯನ್ನು ಒತ್ತಿದರೆ ತಾನೇ ಕುಗ್ಗುತ್ತದೆ. ಲಿವರು ಪೊಳ್ಳಾಗಿ ಕೈಗೆ ಬರುತ್ತದೆ. ಎಷ್ಟು ದೊಡ್ಡ ಡಿಸ್ಕು ಹಾಕಿಸಿದ್ದರೂ ಆ ಗಳಿಗೆಯಲ್ಲಿ ಅದು ಬರೀ ಅಲಂಕಾರ. ಎರಡು ವರ್ಷಕ್ಕೊಮ್ಮೆ, ಸೀಲು ಒಡೆಯದ ಶೀಶೆಯಿಂದ ಆಯಿಲು ಬದಲಿಸುವುದು ಇದಕ್ಕೆಲ್ಲ ಅಗ್ಗದ ಮದ್ದು. ಯಾವ ದರ್ಜೆ ಎಂಬುದನ್ನು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತಾರೆ. ಡಾಟ್ 5 ಎಂಬ ಸಿಲಿಕೋನಿನ ಆಯಿಲು ಬೇರೆ ಜಾತಿಯದು. ಅಂಕಿ ದೊಡ್ಡದೆಂದು ಅದನ್ನು ತಂದು ಬೆರೆಸಬಾರದು.

ಕಡೆಗೆ ಆದ ಕೆಲಸ ಇಷ್ಟು: ಹೊಸ ಆಯಿಲು, ಕಂಪೆನಿಯದೇ ಪ್ಯಾಡು, ಪಿನ್ನುಗಳಿಗೆ ಗ್ರೀಸು, ಮುಂದೆ ಹೊಸ ಟಯರು. ಇದರ ಮೇಲೆ ಹುಡುಗನ ಆಸೆಗೂ ಒಂದನ್ನು ಬಿಟ್ಟುಕೊಟ್ಟೆ, ಉಕ್ಕಿನ ತಂತಿ ಹೆಣೆದ ಹೋಸು. ಹಳೆಯ ರಬ್ಬರು ಹೋಸು ಒತ್ತಿದಾಗ ಸೈಕಲ್ ಟ್ಯೂಬಿನಂತೆ ಕೊಂಚ ಉಬ್ಬಿ, ಕೈಯ ಬಲದ ಒಂದು ಪಾಲನ್ನು ತಾನೇ ನುಂಗುತ್ತದೆ. ಉಕ್ಕಿನ ಹೆಣಿಗೆ ಉಬ್ಬಲು ಬಿಡುವುದಿಲ್ಲ. ಹೊಳೆಯುವ ವಸ್ತುವಾದರೂ ಇದಕ್ಕೆ ಕೆಲಸವಿದೆ. ಎಲ್ಲ ಸೇರಿ ಖರ್ಚು ಅವನು ಕೇಳಿದ್ದರ ಅರ್ಧಕ್ಕಿಂತ ಕಡಿಮೆಯಾಯಿತು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಕೆಲವು ದಿನ ಮೆಲ್ಲಗೆ ಓಡಿಸಿ, ಮತ್ತೆ ಮತ್ತೆ ಹಗುರಾಗಿ ಬ್ರೇಕು ಹಿಡಿದು ಬಿಡಬೇಕೆಂದು ಗ್ಯಾರೇಜಿನವರು ಹೇಳಿ ಕಳಿಸಿದರು.

ಫಲಿತಾಂಶವನ್ನು ನಾನು ಅಳೆದದ್ದು ಹಿಂದಿನ ಸೀಟಿನಿಂದ. ಬ್ರೇಕಿನ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮುಂದೆ ಕೂತವನಿಗೆ ಹಿಡಿದುಕೊಳ್ಳಲು ಹ್ಯಾಂಡಲು ಉಂಟು, ಬ್ರೇಕು ಹಿಡಿಯುವ ಗಳಿಗೆಯೂ ಅವನಿಗೆ ಮೊದಲೇ ಗೊತ್ತು. ಸೀರೆಯುಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂತವಳಿಗೆ ಎರಡೂ ಇಲ್ಲ. ಕೆಟ್ಟ ಬ್ರೇಕಿನಲ್ಲಿ ಮೊದಲು ಏನೂ ಆಗುವುದಿಲ್ಲ, ಆಮೇಲೆ ಎಲ್ಲವೂ ಒಮ್ಮೆಗೇ ಆಗುತ್ತದೆ. ನಮ್ಮ ಹಣೆ ಹೋಗಿ ಅವನ ಹೆಲ್ಮೆಟ್ಟಿಗೆ ಬಡಿಯುತ್ತದೆ. ಬರೀ ಶಕ್ತಿ ಹೆಚ್ಚಿಸಿದ ಬ್ರೇಕು ಈ ಬಡಿತವನ್ನೇ ಹೆಚ್ಚಿಸೀತು. ಈಗಿನ ಬ್ರೇಕು ಬೆರಳು ಕೇಳಿದಷ್ಟನ್ನೇ ಕೊಡುತ್ತಿತ್ತು. ಸ್ವಲ್ಪ ಕೇಳಿದರೆ ಸ್ವಲ್ಪ, ಬೇಗ ಕೇಳಿದರೆ ಬೇಗ. ಇದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಮಾತಿದೆ, ಹದ. ಮಣ್ಣಿಗೆ, ಪಾಕಕ್ಕೆ, ಮಾತಿಗೆ ಹೇಗೋ ಬ್ರೇಕಿಗೂ ಹಾಗೆ. ಬ್ರೇಕನ್ನು ಎಷ್ಟು ಬಲವಾದದ್ದು ಎಂದು ಅಳೆಯುವುದಕ್ಕಿಂತ, ಅದರ ಬಲ ಎಷ್ಟು ಹದವಾಗಿ ಕೈಗೆ ಸಿಗುತ್ತದೆ ಎಂದು ಅಳೆಯುವುದೇ ಸರಿಯಾದ ವಿಮರ್ಶೆ.

ಹಾಗೆಂದು ನಮ್ಮ ರಿಪೇರಿಯನ್ನೂ ಹೊಗಳಿಬಿಟ್ಟರೆ ಪಕ್ಷಪಾತವಾದೀತು. ಎ.ಬಿ.ಎಸ್. ಇಲ್ಲದ ಹಳೆಯ ಬೈಕು ಯಾವ ಹೋಸಿನಿಂದಲೂ ಎ.ಬಿ.ಎಸ್. ಬೈಕಾಗುವುದಿಲ್ಲ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಹಿಂಡಿದ ಬ್ರೇಕನ್ನು ಕ್ಷಮಿಸುವ ಗುಣ ಅದಕ್ಕಿಲ್ಲ. ದಿನವೂ ಘಾಟಿ ಹತ್ತಿಳಿಯುವವರು ದುಡ್ಡು ಕೂಡಿಟ್ಟು ಹೊಸ ಕ್ರಮದ ಬೈಕನ್ನೇ ಕೊಳ್ಳುವುದು ಮೇಲು. ಸರಪಳಿಯ ಮೊದಲ ಕೊಂಡಿಯಾದ ಕೈ ಕೂಡ ಬದಲಾಗಬೇಕು. "ಮುಂದಿನದನ್ನು ಮುಟ್ಟಬೇಡ" ಎಂದು ಕಲಿತ ಕೈ, ಆನೆ ಎದುರಾದಾಗ ಮುಟ್ಟುವುದಿಲ್ಲ. ಖಾಲಿ ಮೈದಾನದಲ್ಲಿ, ಒಣನೆಲದಲ್ಲಿ, ಕಡಿಮೆ ವೇಗದಲ್ಲಿ ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ಒತ್ತಿ ಹೆಚ್ಚಿಸುವುದನ್ನು ಕಲಿಯಬೇಕು. ಇದಕ್ಕೆ ದುಡ್ಡು ಬೇಡ, ನಾಲ್ಕು ಭಾನುವಾರದ ಬೆಳಿಗ್ಗೆ ಸಾಕು.

ಒಂದು ಆಕ್ಷೇಪ ಉಳಿಯಿತು. ಅದೇ ಬೈಕಿನ ಹಿಂದಿನ ಚಕ್ರಕ್ಕಿದ್ದ ಸೀರೆಯ ಕಂಬಿಜಾಲರಿಯನ್ನು 'ಲುಕ್ಕು ಕೆಡುತ್ತದೆ' ಎಂದು ಹುಡುಗ ಬಿಚ್ಚಿ ಅಟ್ಟಕ್ಕೆ ಎಸೆದಿದ್ದ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಪಾದಪಟ್ಟಿ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ, ಈ ಮೂರೂ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಜಗತ್ತಿನ ಉತ್ತಮ ಬ್ರೇಕೂ ಚಕ್ರಕ್ಕೆ ಸುತ್ತಿದ ಸೆರಗನ್ನು ಬಿಡಿಸಲಾರದು. ಜಾಲರಿ ಮರಳಿ ಬಂದ ಮೇಲೆಯೇ ನಾನು ಹಣ ಎಣಿಸಿ ಕೊಟ್ಟದ್ದು. ಅವನ ಹೆಂಡತಿ ಆಗ ಮೊದಲ ಸಲ ಬಾಯಿಬಿಟ್ಟು, "ಆ ಆಯಿಲು ಮತ್ತೆ ಯಾವಾಗ ಬದಲಾಯಿಸಬೇಕು ದೊಡ್ಡಮ್ಮ?" ಎಂದು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕು ಬರೆದಿಟ್ಟಳು.

ಹಾಲಿನ ಲೆಕ್ಕ, ಗ್ಯಾಸಿನ ತಾರೀಕು, ಮಕ್ಕಳ ಚುಚ್ಚುಮದ್ದು ಬರೆಯುವ ಕ್ಯಾಲೆಂಡರಿನಲ್ಲಿ ಬ್ರೇಕ್ ಆಯಿಲಿಗೂ ಒಂದು ಮೂಲೆ ಸಿಕ್ಕರೆ ಯಾರ ಗಂಡಸುತನಕ್ಕೂ ಕುಂದಿಲ್ಲ. ಬೈಕಿನ ಸದ್ದನ್ನೂ ಬಣ್ಣವನ್ನೂ ಬೀದಿಯ ಜನ ವಿಮರ್ಶಿಸಲಿ. ಅದು ನಿಲ್ಲುವ ರೀತಿಯನ್ನು ವಿಮರ್ಶಿಸಬೇಕಾದವರು ಮಾತ್ರ ಹಿಂದೆ ಕೂರುವ ನಾವೇ.